ನೀರಿಗೆ ಕರೆಯುತ್ತಿದ್ದ ಮೇಸ್ತ್ರಿಯಕ್ಕ

ಕಳೆದ ಬುಧವಾರ ಬೆಳಿಗ್ಗೆ, ಮೊದಲ ಹಂಡೆಯ ನೀರು ಕುದಿ ಬರುವ ಹೊತ್ತಿಗೆ, ನಮ್ಮ ಕಳಕ್ಕೆ ಒಂದು ಹಳೆಯ ಅಲ್ಯೂಮಿನಿಯಂ ಕೊಡ ಬಂತು. ಪುಲ್ಪಳ್ಳಿ ಕಡೆಯ ಮೊದಲ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದವಳು ಮೇಸ್ತ್ರಿಯಕ್ಕನ ಮಗಳು. ಕೊಡದ ಹೊಟ್ಟೆಯಲ್ಲಿ ಅದೇ ಹಳೆಯ ನಗ್ಗು. ಒಳಗೆ ಬಟ್ಟೆ ಸುತ್ತಿ ಮಾಡಿದ ಒಂದು ಸಿಂಬೆ. "ಕಳದ್ದು ಕಳಕ್ಕೆ ಕೊಟ್ಬುಡು ಅಂತ ಅವ್ವ ಹೇಳಿತ್ತು" ಎಂದು ನನ್ನ ಕೈಗೆ ಕೊಟ್ಟಳು. ಕಾಪಿ ಕುಡಿದು ಹೋಗು ಎಂದರೂ ನಿಲ್ಲದೆ ಅದೇ ಬಸ್ಸು ತಿರುಗಿ ಬರುವಾಗ ಹತ್ತಿ ಹೋದಳು.

ಸಿಂಬೆಯನ್ನು ಎತ್ತಿ ನೋಡಿದೆ. ಯಾವ ಬಟ್ಟೆಯೆಂದು ಕೂಡಲೇ ಗುರುತು ಸಿಕ್ಕಿತು. ಅದರ ಮಾತು ಆಮೇಲೆ ಹೇಳುತ್ತೇನೆ, ಈಗಲೇ ಹೇಳುವಷ್ಟು ಧೈರ್ಯ ನನಗಿಲ್ಲ. ಅಷ್ಟರಲ್ಲಿ, ಒಣಹಾಕುವ ಮುಂಚೆ ಎಂದಿನಂತೆ, ಹಸಿ ಕರಿಮೆಣಸಿನ ಬುಟ್ಟಿಯನ್ನು ಹಂಡೆಯಲ್ಲಿ ಅದ್ದಿದರು, ಘಾಟು ಮೇಲೆದ್ದಿತು. ಕಣ್ಣಲ್ಲಿ ನೀರು ಬಂದರೆ ಮೆಣಸಿನ ಘಾಟು ಎಂದುಬಿಡುವ ಅನುಕೂಲ ನಮ್ಮ ಕೆಲಸದಲ್ಲಿದೆ.

ಕಳ ಎಂದರೆ ಸುತ್ತಲಿನ ಸಣ್ಣ ಬೆಳೆಗಾರರೆಲ್ಲ ಸೇರಿ ಮಾಡಿಕೊಂಡ ಒಂದು ಅಂಗಳ. ಅವರ ಕಾಫಿಯನ್ನೂ ಮೆಣಸನ್ನೂ ಇಲ್ಲಿ ಒಣಗಿಸಿ, ಜರಡಿ ಹಿಡಿದು, ಮೂಟೆ ಕಟ್ಟುತ್ತೇವೆ. ಇಪ್ಪತ್ತೆರಡು ಹೆಂಗಸರು ಕೆಲಸ ಮಾಡುತ್ತಾರೆ. ಅವರನ್ನು ನಡೆಸುವವಳು ನಾನು ಎಂದು ಆಫೀಸಿನ ಬಾಗಿಲ ಮೇಲೆ ಬರೆದಿದೆ. ನಡೆಸುವುದನ್ನು ನನಗೆ ಕಲಿಸಿದವರು ಮೇಸ್ತ್ರಿಯಕ್ಕ, ಅದನ್ನು ಎಲ್ಲಿಯೂ ಬರೆದಿಲ್ಲ.

ನಾನು ಸೇರಿದಾಗ ನನಗೆ ಇಪ್ಪತ್ತನಾಲ್ಕು. ಬತ್ತೇರಿಯಲ್ಲಿ ಬಿ.ಕಾಂ. ಮುಗಿಸಿದ್ದೆ. ನನ್ನ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಬಂದು ಇಲ್ಲಿ ಬೇರು ಬಿಟ್ಟವರು, ಮನೆಮಾತು ಕನ್ನಡ, ಓದಿದ್ದೆಲ್ಲ ಮಲಯಾಳ. ಕಳದ ಹೆಂಗಸರಲ್ಲಿ ಬಹುಪಾಲು ನಮ್ಮಂತೆಯೇ ಗಡಿಯ ಕನ್ನಡದವರು, ಕೆಲವರು ಕಾಡಂಚಿನ ಬುಡಕಟ್ಟು ಹಾಡಿಗಳಿಂದ ಬರುವವರು. ಭಾಷೆ ಒಂದೇ ಆದದ್ದರಿಂದ ಸಲೀಸಾಗಿ ನಡೆಸಬಹುದು ಎಂದುಕೊಂಡಿದ್ದೆ. ಎಂಥ ಜಂಬ ನನ್ನದು! ಒಂದು ಉದ್ದ ಪುಸ್ತಕ, ಎರಡು ಬಣ್ಣದ ಪೆನ್ನು, ಕೊರಳಿಗೆ ಒಂದು ಸೀಟಿ. ಹೌದು, ಸೀಟಿ. ಊಟದ ಹೊತ್ತಾಯಿತೆಂದು ಸೀಟಿ ಊದುತ್ತಿದ್ದೆ. ಮೊದಲ ದಿನ ಊದಿದಾಗ ಮೇಸ್ತ್ರಿಯಕ್ಕ ಸುತ್ತ ನೋಡಿ, ಬಸ್ಸು ಇಷ್ಟು ಹತ್ತಿರ ಬಂದು ನಿಲ್ಲುತ್ತದಾ ಎಂದು ಪಕ್ಕದವಳನ್ನು ಮೆಲ್ಲಗೆ ಕೇಳಿದರು. ಎರಡನೆಯ ವಾರಕ್ಕೆ ಸೀಟಿ ಮೇಜಿನ ಖಾನೆ ಸೇರಿತು.

ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿದ್ದ ಅವರಿಗೆ ಆಗಲೇ ಐವತ್ತರ ಹತ್ತಿರ. ಕುಳ್ಳಗೆ, ಗಟ್ಟಿಯಾಗಿ, ಸೀರೆಯನ್ನು ಮೊಣಕಾಲಿನ ಕೆಳಗೆ ಎತ್ತಿ ಕಟ್ಟಿ, ತಲೆಗೆ ತೋರ್ತು ಎಂಬ ತೆಳು ಟವೆಲು ಸುತ್ತಿಕೊಂಡಿರುತ್ತಿದ್ದರು. ದನಿ ಎತ್ತಿದ್ದನ್ನು ನಾನು ಕೇಳಿದ್ದೇ ಇಲ್ಲ. ಹಾಗೆಂದು ಮೆತ್ತಗಿನವರೇನಲ್ಲ. ಹೊಸಬಳು ಯಾರಾದರೂ ಬಂದರೆ ಅವಳನ್ನು ಇಬ್ಬರು ಬಾಯಾಳಿಗಳ ನಡುವೆ ಕೂರಿಸಿಬಿಡುತ್ತಿದ್ದರು, ಸಂಜೆಯೊಳಗೆ ಅವಳ ಹೆದರಿಕೆ ಹೋಗಿರುತ್ತಿತ್ತು. ಜಗಳವಾಡಿದ ಇಬ್ಬರಿಗೆ ಬುದ್ಧಿ ಹೇಳುತ್ತಲೇ ಇರಲಿಲ್ಲ. ದೊಡ್ಡ ಟಾರ್ಪಾಲಿನ ಎರಡು ತುದಿ ಅವರಿಬ್ಬರ ಕೈಗೆ ಕೊಡುತ್ತಿದ್ದರು. ಟಾರ್ಪಾಲು ಮಡಚಬೇಕೆಂದರೆ ಒಬ್ಬಳು ಇನ್ನೊಬ್ಬಳ ಕಡೆ ನಡೆದು ಬರಲೇಬೇಕು. ಮೂರನೆಯ ಮಡಿಕೆಗೆ ಇಬ್ಬರೂ ನಗುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಅವರ ದೊಡ್ಡ ಪದ್ಧತಿಯೆಂದರೆ ನೀರಿಗೆ ಕರೆಯುವುದು. ಆಗ ಕಳದಲ್ಲಿ ನಲ್ಲಿ ಇರಲಿಲ್ಲ. ಕುಡಿಯುವ ನೀರನ್ನು ಕೆಳಗಿನ ಗದ್ದೆಯಂಚಿನ ಕೇಣಿಯಿಂದ ತರಬೇಕಿತ್ತು. ಬಗನಿ ಮರದ ದಪ್ಪ ಕಾಂಡವನ್ನು ಟೊಳ್ಳು ಮಾಡಿ ಒರತೆಯಲ್ಲಿ ಹೂತಿರುತ್ತಾರಲ್ಲ, ಅದೇ ಕೇಣಿ. ಹತ್ತು ಹೆಜ್ಜೆ ಆಚೆಗೇ ಚಪ್ಪಲಿ ಬಿಡಬೇಕು. ದಿನಕ್ಕೊಂದು ಸಲ ಮೇಸ್ತ್ರಿಯಕ್ಕ ಕೊಡ ಸೊಂಟಕ್ಕಿಟ್ಟು, ಯಾರಾದರೂ ಒಬ್ಬಳನ್ನು ನೋಡಿ, ನೀರಿಗೆ ಬಾ ಎನ್ನುತ್ತಿದ್ದರು. ಅವಳು ಎದ್ದು ಹಿಂದೆ ಹೋಗುತ್ತಿದ್ದಳು.

ಮೊದಮೊದಲು ಇದು ಕೆಲಸಗಳ್ಳತನ ಎಂದೇ ನಾನು ತಿಳಿದದ್ದು. ಒಂದು ಕೊಡ ನೀರಿಗೆ ಇಬ್ಬರು ಯಾಕೆ ಬೇಕು? ತಿಂಗಳಾದ ಮೇಲೆ ಗೊತ್ತಾಯಿತು. ಯಾರಿಗೆ ಬೈಯಬೇಕಾದರೂ ಅವರು ಬೈಯುತ್ತಿದ್ದುದು ಆ ದಾರಿಯಲ್ಲಿ, ಒಬ್ಬಳಿಗೆ ಮಾತ್ರ ಕೇಳುವ ಹಾಗೆ. ಆದರೆ ಬೈಯುವುದಕ್ಕೆ ಮಾತ್ರ ಕರೆಯುತ್ತಿರಲಿಲ್ಲ. ಒಂದು ದಿನ ಮಗಳ ಹೆರಿಗೆಯ ಚಿಂತೆಯಲ್ಲಿರುವವಳನ್ನು, ಒಂದು ದಿನ ಚೆನ್ನಾಗಿ ಕೆಲಸ ಮಾಡಿದವಳನ್ನು, ಒಂದು ದಿನ ಸುಮ್ಮನೆ ಯಾರನ್ನೋ. ಹಾಗಾಗಿ ಹೋದವಳು ಬೈಸಿಕೊಂಡು ಬಂದಳೋ ಹರಟೆ ಹೊಡೆದು ಬಂದಳೋ ಉಳಿದವರಿಗೆ ತಿಳಿಯುತ್ತಿರಲಿಲ್ಲ. ಕೇಣಿಯ ಹತ್ತಿರ ಆಡಿದ ಮಾತನ್ನು ಮೇಲೆ ತರಬಾರದೆಂಬುದು ಅವರ ಕಟ್ಟುನಿಟ್ಟು. ಯಾರೂ ತರುತ್ತಿರಲಿಲ್ಲ.

ಇದನ್ನೆಲ್ಲ ಅರ್ಥ ಮಾಡಿಕೊಳ್ಳುವ ಮೊದಲೇ ನಾನೊಂದು ಅನಾಹುತ ಮಾಡಿಕೊಂಡೆ...

ಮೆಣಸನ್ನು ದಿನವಿಡೀ ಹರಡಿ, ಸಂಜೆ ರಾಶಿ ಮಾಡಿ ಮುಚ್ಚುತ್ತಾರೆ. ಬೇರೆ ಬೇರೆ ದಿನ ಬಂದ ರಾಶಿಗಳು ಅಕ್ಕಪಕ್ಕ ಇರುತ್ತವೆ. ಇನ್ನೂ ಒಣಗದ ರಾಶಿಯ ನೆತ್ತಿಗೆ ಕಾಫಿ ಗಿಡದ ಒಂದು ಹಸಿ ಕಡ್ಡಿ ಚುಚ್ಚುವುದು ನಮ್ಮ ಹೆಂಗಸರ ವಾಡಿಕೆ. ಕಡ್ಡಿ ಇದ್ದರೆ ಮುಟ್ಟಬೇಡ, ಇಲ್ಲದಿದ್ದರೆ ಒಣಗಿದ ರಾಶಿಗೆ ಸೇರಿಸಬಹುದು. ಅವರಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ರಾಶಿಗಳ ಮೇಲೆ ಕಸ ಬಿದ್ದಿದೆಯೆಂದು, ಶುಚಿಯ ಭೂತ ಹಿಡಿದವಳ ಹಾಗೆ, ನಾಲ್ಕು ಕಡ್ಡಿಗಳನ್ನು ಕಿತ್ತು ನನ್ನ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದೆ. ಹಾಕಿದ್ದು ಮರೆತೂ ಹೋಯಿತು.

ಸಂಜೆ ಜರಡಿ ಹಿಡಿಯುವ ಹುಡುಗಿ, ನನ್ನದೇ ವಯಸ್ಸಿನವಳು, ಕಡ್ಡಿ ಕಾಣದೆ ಆ ರಾಶಿಗಳನ್ನೆಲ್ಲ ಒಣಗಿದ ಮೆಣಸಿಗೆ ಸೇರಿಸಿದಳು. ಆಮೇಲೆ ಎರಡು ದಿನ ಮೋಡ, ಟಾರ್ಪಾಲು ಬಿಚ್ಚಲಿಲ್ಲ. ಮೂರನೆಯ ದಿನ ಬಿಚ್ಚಿದರೆ ರಾಶಿ ಬೆಚ್ಚಗಿತ್ತು, ಮುಗ್ಗಲು ವಾಸನೆ, ಕಾಳಿನ ಮೇಲೆ ಬಿಳಿ ಬೂಷ್ಟು. ಐದಾರು ಮನೆಗಳ ವರ್ಷದ ಮೆಣಸು.

ನಾನು ಕೂಗಾಡಿದೆ. ಸಿಟ್ಟು ಬಂದರೆ ನನ್ನ ಬಾಯಿಗೆ ಮಲಯಾಳ ಬರುತ್ತದೆ, ಶಾಲೆಯಲ್ಲಿ ಬೈಸಿಕೊಂಡದ್ದೆಲ್ಲ ಅದರಲ್ಲೇ ಅಲ್ಲವೇ. ಕಣ್ಣಿಲ್ಲವಾ ನಿನಗೆ ಎಂದೆ, ತಲೆಯಲ್ಲಿ ಏನಿದೆ ಎಂದೆ, ಕಾಡಿನಿಂದ ನೇರ ಬಂದವಳು ಎಂದೂ ಅಂದುಬಿಟ್ಟೆ. ಅವಳು ಹಾಡಿಯ ಹುಡುಗಿ. ಆಗ ಕಳದಲ್ಲಿದ್ದ ಉಳಿದ ಹತ್ತೊಂಬತ್ತು ಹೆಂಗಸರೂ ಕೇಳುತ್ತ ನಿಂತಿದ್ದರು. ಅವಳು ಜರಡಿಯನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಗೇಟು ದಾಟಿ ಹೋದಳು.

ಮಾರನೆಯ ದಿನ ಅವಳು ಬರಲಿಲ್ಲ. ಇನ್ನೂ ಎಂಟು ಮಂದಿ ಬರಲಿಲ್ಲ. ಬಂದವರು ಕೆಲಸ ಮಾಡಿದರು, ಆದರೆ ಕಳದಲ್ಲಿ ಮಾತೇ ಇಲ್ಲ. ಕೊಯ್ಲಿನ ಹೊತ್ತು, ಗಾಡಿಗಟ್ಟಲೆ ಹಸಿ ಮೆಣಸು ಬರುತ್ತಿತ್ತು, ಹರಡುವುದಕ್ಕೆ ಕೈಗಳಿಲ್ಲ. ಬೆಳೆಗಾರರ ಕಮಿಟಿಯ ಅಧ್ಯಕ್ಷರು ಫೋನು ಮಾಡಿ, ಹೆಂಗಸರನ್ನು ನಡೆಸುವುದು ಆಗದಿದ್ದರೆ ಈಗಲೇ ಹೇಳಿ, ಬೇರೆಯವರನ್ನು ನೋಡುತ್ತೇವೆ ಎಂದರು. ಆ ಕೆಲಸ ಹೋದರೆ ನನಗೆ ಮನೆಯಲ್ಲಿ ಕಾದಿದ್ದದ್ದು ಮದುವೆ ಮಾತ್ರ. ಆಫೀಸಿನಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಬಾಗಿಲಲ್ಲಿ ಮೇಸ್ತ್ರಿಯಕ್ಕ, ಸೊಂಟದಲ್ಲಿ ಕೊಡ.

"ಮೋಳೆ, ನೀರಿಗ್ ಬಾ" ಎಂದರು.

ಮಗಳೇ ಎಂದು ಕರೆದದ್ದು ಅದೇ ಮೊದಲು. ಅಲ್ಲಿಯವರೆಗೆ ಟೀಚರೇ ಎನ್ನುತ್ತಿದ್ದರು, ಸೀಟಿಯ ಕಾರಣಕ್ಕೋ ಏನೋ.

ಅವರ ಹಿಂದೆ ಗದ್ದೆಗೆ ಇಳಿದೆ. ಚಪ್ಪಲಿ ಬಿಟ್ಟೆವು. ಕೊಡ ತುಂಬಿಸಿ ಕಲ್ಲಿನ ಮೇಲಿಟ್ಟ ಮೇಲೆ ಸೊಂಟದ ಮಡಿಲಿನಿಂದ ನಾಲ್ಕು ಬಾಡಿದ ಕಡ್ಡಿ ತೆಗೆದು ನನ್ನ ಅಂಗೈ ಮೇಲಿಟ್ಟರು. ಅವು ನನ್ನ ಮೇಜಿನ ಕೆಳಗಿನ ಬುಟ್ಟಿಯಲ್ಲಿದ್ದವು. ಅದು ಯಾಕೆ ಚುಚ್ಚುವುದೆಂದು ಅಲ್ಲಿ ಹೇಳಿದರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನಾನು ಕೂಗುತ್ತಿದ್ದಾಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆಗಲೂ ಅವರ ಮೇಲೆಯೇ ಸ್ವಲ್ಪ ಸಿಟ್ಟು, ನೋಡಿ ನನ್ನ ಬುದ್ಧಿ.

"ಅಲ್ಲೇ ಹೇಳಿದ್ರೆ ನೀನು ಇಲ್ಲಿ ಉಳೀತಿದ್ಯಾ?" ಎಂದರು. ಕೊಡದೊಳಗೆ ಬಿದ್ದ ಎಲೆಯೊಂದನ್ನು ತೆಗೆದು ಹಾಕಿ ಮತ್ತೆ ಅಂದರು: "ಬೈಯೋದಾದ್ರೆ ಇಲ್ಲಿ ಬಂದು ಬೈ. ತಪ್ಪಾಯ್ತು ಅನ್ನೋದಾದ್ರೆ, ನಿನ್ ಬೈಗುಳ ಎಷ್ಟು ಕಿವಿ ಕೇಳಿದ್ವೋ ಅಷ್ಟೂ ಕಿವಿ ಮುಂದೆ ಅನ್ನು."

ಹಾಗೆ ಅಂದರೆ ನಾಳೆಯಿಂದ ನನಗೆ ಯಾರು ಮರ್ಯಾದೆ ಕೊಡುತ್ತಾರೆ ಎಂದೆ.

"ಮರ್ಯಾದೆ ಅವ್ರ ಹತ್ರ ಅದೆ ಕನ ಮೋಳೆ. ಅವ್ರು ಕೊಟ್ರೆ ತಾನೆ ನಿಂಗೆ."

ಆ ಸಂಜೆ ಅವರೇ ಹಾಡಿಗೆ ಹೋಗಿ ಆ ಹುಡುಗಿಯನ್ನು ಕಂಡು, ಬಾ, ಒಂದು ಮಾತು ಕೇಳಿಸಿಕೊಂಡು ಹೋಗು, ಆಮೇಲೆ ನಿನ್ನಿಷ್ಟ ಎಂದು ಕರೆದು ಬಂದಿದ್ದರಂತೆ. ಉಳಿದ ಎಂಟು ಮಂದಿಗೂ ಹೇಳಿ ಕಳಿಸಿದ್ದರು. ಬೆಳಿಗ್ಗೆ ಹತ್ತು ಗಂಟೆಯ ಕಂಜಿಗೆ ಎಲ್ಲರೂ ಕೂತಿದ್ದಾಗ ನಾನು ನಡುವೆ ಹೋಗಿ ನಿಂತೆ. ಕಡ್ಡಿ ಕಿತ್ತವಳು ನಾನು, ಅವಳ ತಪ್ಪೇನೂ ಇಲ್ಲ, ನಾನು ಅಂದದ್ದು ಯಾರೂ ಯಾರಿಗೂ ಅನ್ನಬಾರದ ಮಾತು, ತಪ್ಪಾಯಿತು ಎಂದೆ. ಕನ್ನಡದಲ್ಲೇ ಹೇಳಿದೆ. ಆ ಹುಡುಗಿ ತಟ್ಟೆಯಿಂದ ತಲೆ ಎತ್ತದೆ, "ಕೂತ್ಕಳಿ, ನಿಮ್ ಕಂಜಿ ಆರೋಗ್ತದೆ" ಎಂದಳು. ನನ್ನ ಕಂಜಿಯನ್ನು ಯಾರು ಬಡಿಸಿಟ್ಟಿದ್ದರೋ ನೋಡಲಿಲ್ಲ. ಅಂದಿನಿಂದ ನಾನು ಆಫೀಸಿನಲ್ಲಿ ಒಬ್ಬಳೇ ಕೂತು ಉಂಡದ್ದಿಲ್ಲ.

ಅಧ್ಯಕ್ಷರ ಮುಂದೆಯೂ ತಪ್ಪು ಒಪ್ಪಿಕೊಂಡೆ. ಹಾಳಾದ ಮೆಣಸಿನ ನಷ್ಟಕ್ಕೆ ಅವರು ಗೊಣಗಿದರು, ಆದರೆ ಹೆಂಗಸರೆಲ್ಲ ತಿರುಗಿ ಬಂದದ್ದರಿಂದ ಕೆಲಸದಿಂದ ತೆಗೆಯಲಿಲ್ಲ.

ಆಮೇಲಿನ ವರ್ಷಗಳು ಸುಖವಾಗಿ ಹೋದವು. ಒಮ್ಮೆ ನನ್ನನ್ನು ಕಲ್ಪೆಟ್ಟಕ್ಕೆ ಮೂರು ದಿನದ ತರಬೇತಿಗೆ ಕಳಿಸಿದರು, ಕೆಲಸಗಾರರನ್ನು ಮುನ್ನಡೆಸುವುದು ಹೇಗೆ ಎಂದು. ಬಲೂನು ಊದಿಸಿದರು, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದರು, ಚಾರ್ಟ್ ಬರೆಸಿದರು. ಕೊನೆಯ ದಿನ ಬೋರ್ಡಿನ ಮೇಲೆ ದೊಡ್ಡದಾಗಿ, ತಿದ್ದುವುದು ಏಕಾಂತದಲ್ಲಿ, ಹೊಗಳುವುದು ಎಲ್ಲರ ಮುಂದೆ ಎಂದು ಬರೆದರು. ಅರ್ಧ ನನಗೆ ಕೇಣಿಯಲ್ಲೇ ಗೊತ್ತಾಗಿತ್ತು ಎಂದು ಒಳಗೊಳಗೇ ಬೀಗಿದೆ. ಉಳಿದ ಅರ್ಧವನ್ನು ಜೋಪಾನವಾಗಿ ಬರೆದುಕೊಂಡು ಬಂದೆ. ಆ ಅರ್ಧವೇ ನನ್ನನ್ನು ಕೆಡಿಸಿತು.

ಇಲ್ಲ, ತಪ್ಪನ್ನು ಬೋರ್ಡಿನ ಮೇಲೆ ಹಾಕಬಾರದು. ನನ್ನ ಹೇಡಿತನ ನನ್ನನ್ನು ಕೆಡಿಸಿತು.

ಮೇಸ್ತ್ರಿಯಕ್ಕನಿಗೆ ಮಂಡಿ ನೋವು ಹೆಚ್ಚಾಗಿತ್ತು. ಎರಡು ಸಲ ಹಂಡೆಯ ಹತ್ತಿರ ಜಾರಿದರು, ಒಮ್ಮೆ ಕುದಿ ನೀರು ಪಾದದ ಮೇಲೆ ಚೆಲ್ಲಿತು. ಕಮಿಟಿಯವರು ಇನ್ನು ಅವರನ್ನು ಇಟ್ಟುಕೊಳ್ಳುವುದು ಬೇಡ, ನೀವೇ ತಿಳಿಸಿ ಎಂದರು. ತಿಳಿಸಬೇಕಾದದ್ದು ಎಲ್ಲಿ ಎಂದು ನನಗೆ ಗೊತ್ತಿತ್ತು. ಕೊಡ ಎತ್ತಿಕೊಂಡು, ಅಕ್ಕ, ನೀರಿಗೆ ಬನ್ನಿ ಎಂದರೆ ಸಾಕಿತ್ತು. ಒಂದು ವಾರ ನಾಳೆ ನಾಳೆ ಎಂದು ತಳ್ಳಿದೆ. ನನ್ನನ್ನು ಉಳಿಸಿದವರಿಗೆ ಇನ್ನು ನೀವು ಬೇಡ ಎಂದು ಯಾವ ಬಾಯಲ್ಲಿ ಹೇಳಲಿ? ಆಗ ಹೊಳೆಯಿತು ನನಗೊಂದು ಉಪಾಯ. ವಾರ್ಷಿಕ ಸಭೆ ಬರುತ್ತಿತ್ತು. ಅಲ್ಲಿ ಅವರಿಗೆ ಪೊನ್ನಾಡ ಹೊದಿಸೋಣ ಎಂದೆ. ಜರಿಯಂಚಿನ ಆ ಶಾಲನ್ನು ನಮ್ಮ ಕಡೆ ಎಂಥವರಿಗೂ ಹೊದಿಸುತ್ತಾರೆ, ಎಂಎಲ್ಎಗೂ, ಪರೀಕ್ಷೆಯಲ್ಲಿ ಪಾಸಾದ ಮಕ್ಕಳಿಗೂ. ಹೊಗಳಿಕೆಯೂ ಆಯಿತು, ವಿಷಯ ತಿಳಿಸಿದಂತೆಯೂ ಆಯಿತು.

ಸಭೆಯ ದಿನ ಅವರು ಒಗೆದ ಸೀರೆ ಉಟ್ಟು, ಹೂ ಮುಡಿದು ಬಂದರು. ಹೆಸರು ಕರೆದಾಗ ನಾಚಿಕೊಂಡು ಮೇಲೆ ಹತ್ತಿದರು. ನಾನೇ ಪೊನ್ನಾಡ ಹೊದಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಆಗ ಅಧ್ಯಕ್ಷರು ಮೈಕಿನಲ್ಲಿ, ನಾಳೆಯಿಂದ ಇವರು ಮನೆಯಲ್ಲಿ ವಿಶ್ರಾಂತಿ ಪಡೆಯಲಿದ್ದಾರೆ ಎಂದರು. ಮೇಸ್ತ್ರಿಯಕ್ಕ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಕೇಳುವವರ ಮುಖ. ನಾನು ಚಪ್ಪಾಳೆ ತಟ್ಟುತ್ತಿದ್ದೆ, ನಿಲ್ಲಿಸಿದರೆ ಏನಾಗುವುದೋ ಎಂದು ತಟ್ಟುತ್ತಲೇ ಇದ್ದೆ. ಎರಡು ಮಾತಾಡಿ ಎಂದು ಮೈಕು ಕೊಟ್ಟರು. "ನಾಳೆ ಮೂಡಲ ಕಡೇ ರಾಶಿ ತಿರುವಬೇಕು, ಮರೀಬ್ಯಾಡಿ" ಎಂದು ಇಳಿದು ಹೋದರು.

ಆ ಸಂಜೆ ಕೊಡ ಅವರ ಜೊತೆ ಹೋಯಿತು. ಯಾರೂ ಕೇಳಲಿಲ್ಲ. ಮುಂದಿನ ವರ್ಷ ಕಳಕ್ಕೆ ನಲ್ಲಿ ಬಂತು, ಕೊಡದ ಕೆಲಸವೂ ಮುಗಿಯಿತು. ಬೈಯಬೇಕಾದವರನ್ನು ನಾನು ಆಫೀಸಿನೊಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬಾಗಿಲು ಹಾಕಿತೆಂದರೆ ಯಾರಿಗೆ ಮಂಗಳಾರತಿ ಆಗುತ್ತಿದೆಯೆಂದು ಇಡೀ ಕಳಕ್ಕೆ ಗೊತ್ತಾಗುತ್ತಿತ್ತು. ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ಜಾಗಕ್ಕೆ ಹೋಗಿ ಕೂರುತ್ತಿದ್ದಳು.

ಅವರ ಮನೆಗೆ ಆಗಾಗ ಹೋಗುತ್ತಿದ್ದೆ. ಹಾಲಿಲ್ಲದ ಕಟ್ಟನ್ ಕಾಪಿ ಕೊಟ್ಟು, ಎಲ್ಲರ ಯೋಗಕ್ಷೇಮ ಕೇಳುತ್ತಿದ್ದರು. ಆ ದಿನದ ಮಾತು ಮಾತ್ರ ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಒಂದು ಸಲ ಧೈರ್ಯ ಮಾಡಿ, ಜಗಲಿಯ ಮೇಲೆ ನಾವಿಬ್ಬರೇ ಇದ್ದಾಗ, ಅಕ್ಕ, ನಿಮಗೆ ಮೊದಲೇ ಹೇಳಬೇಕಿತ್ತು, ತಪ್ಪಾಯಿತು ಎಂದೆ. ಅವರು ನಕ್ಕರು. ಅಂಗಳದ ಈ ಕಡೆ ಆ ಕಡೆ ನೋಡಿದರು.

"ಇಲ್ಲಿ ಯಾರವ್ರೆ ಮೋಳೆ ಕೇಳಕ್ಕೆ?"

ಅಷ್ಟೇ. ಕಾಪಿ ಲೋಟ ಎತ್ತಿಕೊಂಡು ಒಳಗೆ ಹೋದರು. ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳು. ಮುಂದಿನ ಸಭೆಗೆ ಅವರನ್ನು ಕರೆಸಿ ಎಲ್ಲರ ಮುಂದೆ ಹೇಳುತ್ತೇನೆ ಎಂದುಕೊಂಡೆ. ಆ ಸಭೆ ಬಂತು, ಹೋಯಿತು. ಅದರ ಮುಂದಿನದ್ದೂ... ಈಗ ನಾನು ಇಪ್ಪತ್ತನಾಲ್ಕರ ಹುಡುಗಿಯಲ್ಲ, ದೊಡ್ಡವಳು, ಮೈಕಿನ ಮುಂದೆ ಹೇಗೆ ಹೇಳಲಿ ಎಂಬ ಬಿಗುಮಾನ. ಕಳೆದ ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಮೇಸ್ತ್ರಿಯಕ್ಕ ಏಳಲಿಲ್ಲ. ಹೆಣದ ಮುಂದೆ ನಿಂತಾಗಲೂ ಆ ಮಾತು ನನ್ನ ಬಾಯಿಂದ ಬರಲಿಲ್ಲ.

ಬುಧವಾರ ಬಂದ ಸಿಂಬೆ ಆ ಪೊನ್ನಾಡವೇ. ಜರಿಯಂಚು ಮಾಸಿ ಕಪ್ಪಾಗಿದೆ, ಅಲ್ಲಲ್ಲಿ ಒಂದೊಂದು ಎಳೆ ಇನ್ನೂ ಮಿನುಗುತ್ತದೆ. ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಲೂ ಇಲ್ಲ, ಮೂಲೆಗೆ ಎಸೆಯಲೂ ಇಲ್ಲ. ತಲೆಯ ಮೇಲೆ ಭಾರ ಹೊರಲು ಎಷ್ಟು ಬೇಕೋ ಅಷ್ಟಕ್ಕೆ ಮಡಚಿಕೊಂಡು ಇಷ್ಟು ವರ್ಷ ನೀರು ಹೊತ್ತಿದ್ದಾರೆ.

ಹತ್ತು ಗಂಟೆಗೆ ಕಂಜಿಗೆ ಎಲ್ಲರೂ ಕೂತಾಗ ಕೊಡವನ್ನು ನಡುವೆ ಇಟ್ಟು ಎದ್ದು ನಿಂತೆ. ಇಪ್ಪತ್ತನಾಲ್ಕರಲ್ಲಿ ನಿಂತಿದ್ದ ಹಾಗೆಯೇ. ಈ ಕೊಡದವರನ್ನು ಮನೆಗೆ ಕಳಿಸುವಾಗ ನಾನು ಅವರಿಗೆ ಮೊದಲು ಹೇಳಲಿಲ್ಲ, ಹೇಳುವ ಧೈರ್ಯವಿಲ್ಲದೆ ಶಾಲಿನ ಹಿಂದೆ ಅಡಗಿಕೊಂಡೆ, ತಪ್ಪಾಯಿತು ಎಂದೆ. ಇಪ್ಪತ್ತೆರಡರಲ್ಲಿ ಅರ್ಧದಷ್ಟು ಮಂದಿ ಅವರನ್ನು ಕಂಡವರೇ ಅಲ್ಲ, ಏನು ಇವಳ ಕಥೆ ಎಂಬ ಹಾಗೆ ನನ್ನನ್ನು ನೋಡಿದರು. ಹಳಬರು ತಲೆ ತಗ್ಗಿಸಿದರು. ಅಂದು ಸಭೆಯಲ್ಲಿ ಕೇಳಿದ ಕಿವಿಗಳಲ್ಲಿ ಎಷ್ಟೋ ಈಗ ಇಲ್ಲಿಲ್ಲ. ಮುಖ್ಯವಾಗಿ ಕೇಳಬೇಕಾಗಿದ್ದವರು ಇಲ್ಲ. ಅದನ್ನು ಇನ್ನು ಯಾರೂ ತುಂಬಿಕೊಡಲಾರರು, ನನಗೆ ಗೊತ್ತು.

ಅಂದು ಜರಡಿ ಒರಗಿಸಿ ಹೋಗಿದ್ದ ಹುಡುಗಿ ಇವತ್ತು ನಮ್ಮ ಕಳದ ಮೇಸ್ತ್ರಿ. ತಲೆಯಲ್ಲಿ ನರೆ ಇಣುಕುತ್ತಿದೆ. ಅವಳು ತಟ್ಟೆ ತೊಳೆದಿಟ್ಟು ಬಂದು ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು, ಸಿಂಬೆಯನ್ನು ನನ್ನ ಕೈಗೆ ಕೊಟ್ಟಳು.

"ನೀರಿಗ್ ಬನ್ನಿ" ಎಂದಳು.

ನಲ್ಲಿ ಹತ್ತು ಮಾರು ದೂರದಲ್ಲಿತ್ತು. ನಾವು ಗದ್ದೆಯ ದಾರಿ ಹಿಡಿದೆವು. ಕೇಣಿಯ ಸುತ್ತ ಹುಲ್ಲು ಎದೆಯೆತ್ತರ ಬೆಳೆದಿತ್ತು, ಒಳಗೆ ನೀರು ಮಾತ್ರ ಹಾಗೇ ಇತ್ತು. ಚಪ್ಪಲಿ ಬಿಟ್ಟೆವು. ಅಲ್ಲಿ ಅವಳು ನನಗೆ ಏನು ಹೇಳಿದಳು, ಎಷ್ಟು ಹೊತ್ತು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ತುಂಬಿದ ಕೊಡವನ್ನು ಸಿಂಬೆಯ ಮೇಲಿಟ್ಟುಕೊಂಡು ನಾನೇ ಹೊತ್ತು ಬಂದೆ. ಗೇಟಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದರು. ಯಾರು ಯಾರಿಗೆ ಏನಂದರೆಂದು ಒಬ್ಬರಿಗೂ ತಿಳಿಯಲಿಲ್ಲ.